ಕಣ್ಣು ಬರೆಯದೆ ಉಳಿದ ನೀರುನಾಯಿ

ನೇರಳೆಬೈಲು ಶಾಲೆಯ ಪೂರ್ವದ ಗೋಡೆಯಲ್ಲಿ ಒಂದು ನೀರುನಾಯಿ ಇದೆ. ಅದು ಭೂತಗನ್ನಡಿ ಹಿಡಿದು, ಬಗ್ಗಿ ನೆಲ ನೋಡುತ್ತಿದೆ. ಪಕ್ಕದಲ್ಲಿ ಒಂದು ಕೆಂಬೂತ. ಊರಿನ ಹಳೆಯ ಶಾನುಭೋಗರ ಹಾಗೆ ರೆಕ್ಕೆಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕೆಂಪು ಕಣ್ಣು ಕಿರಿದು ಮಾಡಿ ನಿಂತಿದೆ. ಇಬ್ಬರ ತಲೆಯ ಮೇಲೆ ಒಂದು ಹಗ್ಗ ಇಳಿಬಿದ್ದಿದೆ. ಹಗ್ಗದ ತುದಿಯಲ್ಲಿ ಏನೂ ಇಲ್ಲ.

ಇದನ್ನು ಬರೆದವನು ಪ್ರೇಮಾನಂದ. ಹಾಲಾಡಿ ಪೇಟೆಯಲ್ಲಿ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇರುವ ಮನುಷ್ಯ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆಯ ಅಂಗನವಾಡಿ, ಶಾಲೆಗಳ ಗೋಡೆಗೆ ಚಿತ್ರ ಬರೆಯುವುದು ಅವನ ಕೆಲಸ. ಚಿಕ್ಕವನಿದ್ದಾಗ ಊರಿನ ಎಲ್ಲರ ಹಾಗೆ ಅವನನ್ನೂ ಬೊಂಬಾಯಿಯ ಹೋಟೆಲ್ ಕೆಲಸಕ್ಕೆ ಬಸ್ಸು ಹತ್ತಿಸಿದ್ದರು. ಅಲ್ಲಿ ಲೋಟ ತೊಳೆಯುತ್ತಾ ತೊಳೆಯುತ್ತಾ, ಎದುರಿನ ಗೋಡೆಗೆ ಬೋರ್ಡು ಬರೆಯುವ ಒಬ್ಬ ಮರಾಠಿ ಪೇಂಟರನ ಕೈಯನ್ನೇ ನೋಡುತ್ತಿದ್ದ. ನೋಡಿ ನೋಡಿಯೇ ಕಲಿತದ್ದು, ಕೂರಿಸಿಕೊಂಡು ಹೇಳಿಕೊಟ್ಟವರು ಯಾರೂ ಇಲ್ಲ. ಊರಿಗೆ ಬಂದಮೇಲೆ ಬಸ್ಸುಗಳ ಹಣೆಗೆ ದೇವರ ಹೆಸರು ಬರೆದ. ಗಂಗೊಳ್ಳಿಯಲ್ಲಿ ದೋಣಿಗಳ ಮೂತಿಗೆ ಕಣ್ಣು ಬರೆದ. ಆಮೇಲೆ ಫ್ಲೆಕ್ಸ್ ಬಂತು. ಬಸ್ಸಿಗೂ ದೋಣಿಗೂ ಸ್ಟಿಕರ್ ಬಂತು. ಸ್ಟಿಕರ್ ಅಂಟಿಸಲಾಗದ ಒರಟು ಗೋಡೆಗಳು ಮಾತ್ರ ಅವನ ಪಾಲಿಗೆ ಉಳಿದವು.

ದೋಣಿಯ ಕೆಲಸದಿಂದ ಅವನಿಗೆ ಒಂದು ಕಟ್ಟಳೆ ಅಂಟಿಕೊಂಡಿತ್ತು. ದೋಣಿಗೆ ಎಲ್ಲ ಬಣ್ಣ ಆಗಿ, ಪೂಜೆ ಆಗಿ, ಕಾಯಿ ಒಡೆದ ಮೇಲೆಯೇ ಕಣ್ಣು ಬರೆಯುವುದು. ಕಣ್ಣು ಬಿತ್ತೆಂದರೆ ಅದು ಕಾಣಲು ಶುರುಮಾಡಿತು ಎಂದೇ ಲೆಕ್ಕ, ಮತ್ತೆ ಅದರ ಎದುರು ಸುಳ್ಳು ಹೇಳಬಾರದು. ದೈವದ ಮೊಗ, ಅಂದರೆ ಮುಖವಾಡ, ಮಾಡುವವರದ್ದೂ ಇದೇ ಕ್ರಮ. ಪ್ರೇಮಾನಂದ ಅಂಗನವಾಡಿಯ ಮೊಲಕ್ಕೂ ಆನೆಗೂ ಹೀಗೆಯೇ ಮಾಡುತ್ತಿದ್ದ. ಎಲ್ಲ ಮುಗಿಸಿ, ಕೈಕಾಲು ತೊಳೆದು, ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, ಆಮೇಲೆ ಕಣ್ಣು ಬರೆಯುತ್ತಿದ್ದ. ಮಕ್ಕಳು ಅದನ್ನು ಕಾಣಲೆಂದೇ ಕಾಯುತ್ತಿದ್ದವು.

ನೇರಳೆಬೈಲಿಗೆ ಅವನು ಮೊದಲು ಬಂದ ವರ್ಷ ಶಾಲೆಯಲ್ಲಿ ಹತ್ತೋ ಹನ್ನೊಂದೋ ಮಕ್ಕಳಿದ್ದವು. ಹೂವು, ಹಣ್ಣು, ಭಾರತದ ನಕ್ಷೆ ಬರೆಯಬೇಕೆಂದು ಮಾತಾಗಿತ್ತು. ಅವನು ಟಿವಿಎಸ್ ನಿಲ್ಲಿಸುವಾಗಲೇ ಮಕ್ಕಳು ಸುತ್ತ ಮುತ್ತಿದವು.

“ನಮ್ಮ್ ಶಾಲಿ ಗಂಟೆ ಕದ್ದ್ಕಂಡ್ ಹೋಯ್ರ್!”

“ಯಾರ್ ಕದ್ದದ್ದ್?”

“ಗೊತ್ತಿಲ್ಲೆ. ಕಳ್ಳ.”

ಹೌದು, ಜಗಲಿಯ ಮಾಡಿನ ಪಕಾಸಿನಿಂದ ಒಂದು ಖಾಲಿ ಹಗ್ಗ ನೇತಾಡುತ್ತಿತ್ತು. ಅದು ಕಬ್ಬಿಣದ ತುಂಡಲ್ಲ, ಒಳ್ಳೆಯ ಕಂಚಿನ ಗಂಟೆಯಾಗಿತ್ತಂತೆ. ಬಡಿದರೆ ಹೊಳೆಯಾಚೆಯ ಗದ್ದೆಗೂ ಕೇಳುತ್ತಿತ್ತಂತೆ. ಪೊಲೀಸರಿಗೆ ದೂರು ಕೊಟ್ಟಿರಾ ಎಂದು ಕೇಳಿದರೆ ಆಗಿನ ಮೇಷ್ಟ್ರು, “ಊರವ್ರ್ ಬೇಡ ಅಂದ್ರ್” ಎಂದು ಮಾತು ಮುಗಿಸಿದರು. ಪ್ರೇಮಾನಂದ ಹೂವು ಹಣ್ಣು ಬದಿಗಿಟ್ಟು ಪತ್ತೇದಾರರನ್ನು ಬರೆದ. ನೀರುನಾಯಿಗೆ ತಿಮ್ಮ ಎಂದು ಹೆಸರಿಟ್ಟದ್ದು ಮಕ್ಕಳು. ಕೆಂಬೂತ ದೂರ ಹಾರಲಾರದ ಹಕ್ಕಿ, ನಡೆಯುವುದೇ ಹೆಚ್ಚು, ಅದೂ ಗತ್ತಿನಿಂದ. ಹಾಗಾಗಿ ಅದು ರಾಯರು ಆಯಿತು.

“ಈಗ ಇವ್ರ್ ಎಲ್ಲಿಗ್ ಹೋಪ್ದ್ ಹೇಳಿ?” ಎಂದು ಅವನು ಕೇಳಿದ.

“ಕೊಲ್ಲೂರಿಗ್! ಅಲ್ಲ್ ಜನ ಜಾಸ್ತಿ, ಕಳ್ಳ ಅಡ್ಗಿಕಂಡಿರ್ತ!”

ಹೀಗೆ ಶುರುವಾಯಿತು. ಕೊಲ್ಲೂರು ದಾರಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಾಗ, ಯಾತ್ರಿಕರ ಜೀಪಿನ ಹಿಂದೆ ಜೋತುಕೊಂಡ ತಿಮ್ಮನನ್ನು ಬರೆದ. ರಾಯರು ಒಳಗೆ ಸೀಟು ಹಿಡಿದು ಕೂತಿದ್ದರು. ಅಲ್ಲಿನ ಮಕ್ಕಳು, ಕಳ್ಳ ಬೈಂದೂರಿನಲ್ಲಿ ರೈಲು ಹತ್ತಿದ ಎಂದವು. ಬೈಂದೂರಿನ ಶಾಲೆಯಲ್ಲಿ ರೈಲು ಬಂತು. ಕಡಲ ಬದಿಯ ಒಂದು ಶಾಲೆಯ ಹೆಣ್ಣುಮಗು, “ಮಸ್ಕತ್ತಿಗ್ ಕಳ್ಸಿ, ನಮ್ಮಪ್ಪ ಅಲ್ಲಿದ್ರ್, ಊಟ ಹಾಕ್ತ್ರ್” ಎಂದಿತು. ಪತ್ತೇದಾರರು ಐಸು ತುಂಬಿದ ಪೆಟ್ಟಿಗೆಯ ಮೇಲೆ ಕೂತು ಸಮುದ್ರ ದಾಟಿದರು. ಒಂದು ಶಾಲೆಯ ಮಕ್ಕಳು ಹೇಳಿದ ದೇಶ ಮುಂದಿನ ಶಾಲೆಯ ಗೋಡೆಯಲ್ಲಿ ಬರುತ್ತಿತ್ತು. ಹೇಳಿದ ಮಕ್ಕಳಿಗೆ ಅದು ಕಾಣುತ್ತಿರಲಿಲ್ಲ, ಕಂಡ ಮಕ್ಕಳಿಗೆ ಹಿಂದಿನ ಕಥೆ ಗೊತ್ತಿರುತ್ತಿರಲಿಲ್ಲ.

ಮಸ್ಕತ್ತಿನಲ್ಲಿ ಒಂಟೆಯ ಕೊರಳಿನ ಗಂಟೆ ಸಿಕ್ಕಿತು. ರಾಯರು ಕಿವಿಗೊಟ್ಟು ಕೇಳಿ, “ಇದಲ್ಲ” ಎಂದರು. ಆಫ್ರಿಕದ ಬಂದರಿನಲ್ಲಿ ಹಡಗಿನ ಗಂಟೆ ಸಿಕ್ಕಿತು. ಅದೂ ಅಲ್ಲ. ಬ್ರಹ್ಮಾವರದ ಹತ್ತಿರದ ಶಾಲೆಯಲ್ಲಿ ಅವರು ಜಪಾನಿಗೆ ಹೋದರು. ಮಕ್ಕಳಿಗೆ ಹಿಮ ಬೇಕಿತ್ತು. ಪ್ರೇಮಾನಂದ ಜನ್ಮದಲ್ಲಿ ಹಿಮ ಕಂಡವನಲ್ಲ. ಅವನು ಬರೆದದ್ದನ್ನು ನೋಡಿ ಒಬ್ಬ ಪೋರ, “ಪೇಂಟರಜ್ಜ, ಇಡ್ಲಿ ಹಿಟ್ಟ್ ಉಕ್ಕಿದ್ಯಾ?” ಎಂದು ಕೇಳಿದ. ಇಡ್ಲಿ ಹಿಟ್ಟಿನ ನಡುವೆ ಆನೆಯಷ್ಟು ದೊಡ್ಡ ಗಂಟೆ, ಅದರ ಕೆಳಗೆ ಚಳಿಗೆ ನಡುಗುವ ರಾಯರು. ರಾಯರಿಗೆ ತಿಮ್ಮ ತನ್ನ ಕೈಯಿಂದಲೇ ಶಾಲು ಹೊದೆಸುತ್ತಿದ್ದ.

ಎಲ್ಲ ಶಾಲೆಯಲ್ಲೂ ಹೊರಡುವಾಗ ಪ್ರೇಮಾನಂದ ಒಂದೇ ಮಾತು ಹೇಳುತ್ತಿದ್ದ: “ಕಳ್ಳ ಸಿಕ್ಕಿದ್ ಕೂಡ್ಲೇ ಬಂದ್ ಹೇಳ್ತೆ.”

ಹೇಳಲು ಹೋಗಬೇಕಾದ ಶಾಲೆಗಳು ಒಂದೊಂದಾಗಿ ಇಲ್ಲವಾದವು. ಕೊಲ್ಲೂರು ದಾರಿಯದ್ದು ಮೊದಲು ಮುಚ್ಚಿತು. ಮಸ್ಕತ್ತಿನ ಗೋಡೆಗೆ ಚುನಾವಣೆಯ ಮತಗಟ್ಟೆ ಮಾಡುವಾಗ ಸುಣ್ಣ ಬಳಿದರು. ಆಫ್ರಿಕದ ಎದುರು ನೀರಿನ ಟ್ಯಾಂಕು ಬಂದು ಕೂತಿತು. ಜಪಾನಿನ ಶಾಲೆ ಪಕ್ಕದ ದೊಡ್ಡ ಶಾಲೆಯೊಳಗೆ ಸೇರಿಹೋಯಿತು, ಗೋಡೆ ಕೆಡವಿದರು. ಇಡೀ ಕಥೆ ಎಲ್ಲೂ ಉಳಿಯಲಿಲ್ಲ. ಎರಡು ತಲೆಗಳಲ್ಲಿ ಮಾತ್ರ ಇತ್ತು. ಒಂದು ಪ್ರೇಮಾನಂದನದ್ದು. ಇನ್ನೊಂದು ನೇರಳೆಬೈಲಿನ ಮೋಕ್ಷಿತಾ ಎಂಬ ಹುಡುಗಿಯದ್ದು.

ಮೋಕ್ಷಿತಾ ಅದೇ ಶಾಲೆಯ ಅಂಗಳದ ಅಂಗನವಾಡಿಗೆ ತೆವಳಿಕೊಂಡು ಬಂದ ಮಗು. ಆ ನೀರುನಾಯಿ, ಆ ಖಾಲಿ ಹಗ್ಗ ಕಾಣುತ್ತಲೇ ಬೆಳೆದವಳು. ಪ್ರತಿ ವರ್ಷ ಮಳೆ ಮುಗಿದ ಮೇಲೆ ಪ್ರೇಮಾನಂದ ಮಾಸಿದ ಬಣ್ಣ ತಿದ್ದಲು ಬರುತ್ತಿದ್ದ. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದಳು.

“ಈಗ ಎಲ್ಲಿದ್ದೊ?”

“ಈಗ ಜಪಾನ್.”

“ರಾಯ್ರಿಗ್ ಜ್ವರ ಬಂತಾ?”

“ಸಣ್ಣಕ್ಕೆ ಬಂದಿತ್ತ್. ತಿಮ್ಮ ಕಷಾಯ ಮಾಡಿ ಕೊಟ್ಟ.”

“ಜಪಾನಂಗೆ ಕಾಳ್ಮೆಣ್ಸ್ ಸಿಕ್ಕತ್ತಾ?”

“ಇಲ್ಲಿಂದ್ಲೇ ಕಟ್ಕಂಡ್ ಹೋಯ್ದ ಮರಾಯ್ತಿ.”

ಅವಳು ತಲೆಯಾಡಿಸಿ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಮುಂದಿನ ವರ್ಷ ಅವನೇ ಮರೆತು ಕಷಾಯದ ಬದಲು ಮಾತ್ರೆ ಎಂದರೆ ತಿದ್ದುತ್ತಿದ್ದಳು. ಹೀಗೆ ಕೇಳುವವರು ಒಬ್ಬರಿದ್ದರೆ ಮನುಷ್ಯನಿಗೆ ಸಾಕಲ್ಲವೇ. ಅವನಿಗೂ ಸಾಕಾಗಿತ್ತು.

ವರ್ಷ ವರ್ಷ ಶಾಲೆ ತೆಳುವಾಗುತ್ತಾ ಬಂತು. ಬೆಳಿಗ್ಗೆ ಪೇಟೆಯ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ರಸ್ತೆಯ ತಿರುವಿಗೆ ಬಂದು ಹಾರ್ನ್ ಹೊಡೆದರೆ ಟೈ ಕಟ್ಟಿದ ಮಕ್ಕಳು ಓಡುತ್ತಿದ್ದವು. ಈ ವರ್ಷ ಶಾಲೆಯಲ್ಲಿ ಉಳಿದದ್ದು ನಾಲ್ಕನೇ ಕ್ಲಾಸಿನ ಮೋಕ್ಷಿತಾ ಒಬ್ಬಳೇ. ಅವಳಿಗೊಬ್ಬರು ಟೀಚರು, ವಿನಯಾ ಎಂದು ಹೆಸರು, ಸಿದ್ದಾಪುರದಿಂದ ಬಸ್ಸಿನಲ್ಲಿ ಬರುವವರು. ಅವಳಿಗೊಬ್ಬರು ಅಡುಗೆಯವರು, ಸರೋಜ. ಒಬ್ಬಳಿಗೆ ಅನ್ನ ಬೇಯಿಸಿ, ಒಬ್ಬಳಿಗೆ ಬಡಿಸಿ, ಸರೋಜಕ್ಕ ತಾನೂ ಟೀಚರೂ ಅವಳ ಆಚೆ ಈಚೆ ಕೂತು ಉಣ್ಣುತ್ತಿದ್ದರು, ಮಗುವಿಗೆ ಒಂಟಿ ಅನಿಸದ ಹಾಗೆ.

ಫೆಬ್ರವರಿಯಲ್ಲಿ ಪ್ರೇಮಾನಂದ ಬಂದಾಗ ವಿನಯಾ ಟೀಚರು ತಗ್ಗಿದ ದನಿಯಲ್ಲಿ ಹೇಳಿದರು.

“ಜೂನಿಗೆ ಬೀಗ. ಹೊಸ ಮಗು ಒಂದೂ ಇಲ್ಲ. ಇವಳು ಐದನೇ ಕ್ಲಾಸಿಗೆ ಹೇಗೂ ಬೇರೆ ಕಡೆ ಹೋಗಬೇಕಲ್ಲ.”

ಅವನು ಪಶ್ಚಿಮದ ಗೋಡೆಯನ್ನು ನೋಡಿದ. ಅದು ಖಾಲಿ ಇತ್ತು. ಅದನ್ನು ಅವನು ಮೊದಲಿನಿಂದಲೂ ಬೇಕೆಂದೇ ಖಾಲಿ ಬಿಟ್ಟಿದ್ದ.

“ಕೊನೇ ಚಿತ್ರ ಅಲ್ಲ್ ಬರೀತೆ ಟೀಚರೆ. ಕಳ್ಳ ಸಿಕ್ಕಿದ್ ಚಿತ್ರ.”

“ಬೀಗ ಬೀಳುವ ಶಾಲೆಗೆ ಬಣ್ಣಕ್ಕೆ ಯಾರನ್ನು ಕೇಳುವುದು?”

“ಉಳ್ದ ಬಣ್ಣ ನನ್ನ್ ಹತ್ರ ಇತ್ತ್. ಹೆಣ್ಣ್ ಈ ಶಾಲಿ ಬಿಡೂದ್ರೊಳ್ಗೆ ಕಥಿ ಮುಗಿಬೇಕ್, ಅಷ್ಟೇ.”

ಮೋಕ್ಷಿತಾ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹೊರಗೆ ಬಂದವಳೇ, “ಈ ಸಲ ಸುಳ್ಳ್ ಕಳ್ಳ ಅಲ್ಲ. ಸರೀ ಕಳ್ಳ ಬೇಕ್” ಎಂದಳು.

“ಆಯ್ತ್. ಸರೀ ಕಳ್ಳ.”

ಮಾತು ಕೊಟ್ಟ ಮೇಲೆ ಪ್ರೇಮಾನಂದನಿಗೆ ಇಕ್ಕಟ್ಟಾಯಿತು. ಇಷ್ಟು ವರ್ಷ ಪತ್ತೇದಾರರನ್ನು ದೇಶ ದೇಶ ಸುತ್ತಿಸಿದ್ದ. ಕಳ್ಳ ಯಾರೆಂದು ಅವನಿಗೇ ಗೊತ್ತಿರಲಿಲ್ಲ. ಮಂಗ ಮಾಡೋಣವೇ? ಮಂಗನ ಹೆಸರು ಎಲ್ಲರೂ ಹೇಳುತ್ತಾರೆ. ನರಿ ಮಾಡೋಣವೇ? ಪಾಪ, ನರಿಗೆ ಎಷ್ಟು ಕಥೆಯಲ್ಲಿ ಎಷ್ಟು ಕದಿಯಿಸುವುದು. ಏನೂ ಹೊಳೆಯದೆ, ದೊಡ್ಡ ಕೆಲಸ ಶುರುಮಾಡುವ ಮೊದಲು ಮಾಡುವಂತೆ, ಆ ತಿಂಗಳ ಸಂಕ್ರಮಣದ ದಿನ ಒಂದು ಕಾಯಿ ಹಿಡಿದು ಗುಡ್ಡೆ ಮೇಲಿನ ದೈವದ ಮನೆಗೆ ಹೋದ.

ಅದು ಹಂಚಿನ ಸಣ್ಣ ಗುಡಿ. ಶಾಲೆಯ ಹಿಂದಿನ ಕಾಲುದಾರಿಯಲ್ಲಿ ಹತ್ತಿದರೆ ಸಿಗುತ್ತದೆ. ದೀಪ ಇಡುವವರು ಚಂದಯ್ಯ, ಮೋಕ್ಷಿತಾಳ ಅಜ್ಜಯ್ಯ. ಬಿಳಿ ಮೀಸೆ, ಕುಳ್ಳು ಮೈ, ನಾಲಗೆ ಮಾತ್ರ ಉದ್ದ.

“ಹ್ವಾಯ್ ಪೇಂಟ್ರೆ, ಇವತ್ತ್ ದಾರಿ ತಪ್ಪಿತಾ?”

“ಕಾಯಿ ಒಡ್ಸುಕ್ ಬಂದೆ ಚಂದಯ್ಯ.”

“ಒಡ್ಸಿ, ಒಡ್ಸಿ. ಬರಿ ಗ್ವಾಡಿಗ್ ಬಣ್ಣ ಬಳ್ದ್ರೆ ಪುಣ್ಯ ಬತ್ತಾ.”

ಬಾಗಿಲ ಬಳಿ ಎರಡು ಗಂಟೆಗಳು ತೂಗುತ್ತಿದ್ದವು. ಪ್ರೇಮಾನಂದ ಎಷ್ಟೋ ಸಲ ಅಲ್ಲಿ ನಿಂತು ಕೈಮುಗಿದಿದ್ದ, ಎರಡನ್ನೂ ಬಾರಿಸಿದ್ದ. ಆ ದಿನವೂ ಬಲಗಡೆಯದ್ದರ ನಾಲಗೆಯ ದಾರಕ್ಕೆ ಕೈ ಹಾಕಿದ. ಬೆಳಗಿನ ಬಿಸಿಲು ಗಂಟೆಯ ಅಂಚಿನ ಮೇಲೆ ಓರೆಯಾಗಿ ಬಿದ್ದಿತ್ತು. ಅಂಚಿನ ಹೊರಮೈ ಒಂದೇ ಕಡೆ ಬಡಿದು ಬಡಿದು ಸವೆದು, ಹಲ್ಲು ಹಲ್ಲಾಗಿ ತಗ್ಗಿತ್ತು. ದೇವರ ಗಂಟೆಯನ್ನು ಯಾರೂ ಹೊರಗಿನಿಂದ ಬಡಿಯುವುದಿಲ್ಲ. ನಾಲಗೆ ಒಳಗೆ ಬಡಿಯುತ್ತದೆ, ಸವೆದರೆ ಒಳಗೆ ಸವೆಯಬೇಕು. ಹೊರಗಿನಿಂದ ಕಬ್ಬಿಣದ ಸರಳು ಹಿಡಿದು ಬಡಿಯುವುದು ಶಾಲೆಯ ಗಂಟೆಯನ್ನು. ಈ ಗಂಟೆಯ ನಾಲಗೆ ಹೊಸದು, ಬೇರೆ ಲೋಹದ್ದು.

ಅವನ ಕೈ ದಾರದ ಮೇಲೆಯೇ ನಿಂತಿತು. ಮಸ್ಕತ್ತು, ಆಫ್ರಿಕ, ಜಪಾನು ಎಲ್ಲ ಒಮ್ಮೆ ಕಣ್ಣೆದುರು ಬಂದು ಹೋದವು. ಗಂಟೆ ಶಾಲೆಯಿಂದ ಒಂದು ಕೂಗಿನ ದೂರದಲ್ಲಿತ್ತು.

“ಎಂತ ಪೇಂಟ್ರೆ, ಗಂಟೆ ಬಾರ್ಸೂಕ್ ಬಂದದ್ದಾ, ಕಾಂಬುಕ್ ಬಂದದ್ದಾ?” ಎಂದ ಚಂದಯ್ಯನ ದನಿ ಅರ್ಧಕ್ಕೆ ಸಣ್ಣದಾಯಿತು. ಪ್ರೇಮಾನಂದನ ಕಣ್ಣು ಎಲ್ಲಿ ನೆಟ್ಟಿದೆ ಎಂದು ಅವರು ಕಂಡಿದ್ದರು.

ಚಂದಯ್ಯ ಮೆಟ್ಟಿಲ ಮೇಲೆ ಕೂತರು.

“ಕದ್ದದ್ದಲ್ಲ. ತಂದದ್ದ್.”

“ನಾನೆಂತ ಕೇಣ್ಲಿಲ್ಯಲೆ.”

“ಕೇಂತ್ರಿ. ಅದ್ಕೇ ಮೊದ್ಲೇ ಹೇಳ್ತೆ, ಕೇಣಿ.”

ಚಂದಯ್ಯ ಹೇಳಿದ್ದು ಇಷ್ಟು. ಶಾಲೆ ಶುರುವಾದಾಗ ಅದಕ್ಕೆ ಸೋಗೆಯ ಮಾಡು, ನಾಲ್ಕು ಬೆಂಚು. ಗಂಟೆ ಇರಲಿಲ್ಲ. ಚಂದಯ್ಯನ ಅಪ್ಪ ಮತ್ತು ಊರ ಹಿರಿಯರು ದೈವದ ಎದುರು ಹೂವಿಟ್ಟು ಕೇಳಿದರು. ಬಲಗಡೆಯ ಹೂ ಬಿತ್ತು, ಅಂದರೆ ದೈವದ ಒಪ್ಪಿಗೆ ಸಿಕ್ಕಿತು. ಎರಡು ಗಂಟೆಯಲ್ಲಿ ಒಂದನ್ನು ಶಾಲೆಗೆ ಕೊಟ್ಟರು, ಒಂದು ಮಾತಿನ ಮೇಲೆ: ಮಕ್ಕಳ ಸದ್ದು ಇರುವಷ್ಟು ದಿನ ಅಲ್ಲಿರಲಿ, ಸದ್ದು ನಿಂತ ಮೇಲೆ ದೈವದ್ದು ದೈವಕ್ಕೆ.

“ಮಕ್ಳ್ ಇದ್ದಿದ್ದೋ ಅಲ್ದಾ ಆಗ? ನಾನೇ ಕಂಡಿದೆ, ಹತ್ತ್ ಮಕ್ಳ್ ಇದ್ದಿದ್ದೊ.”

“ಹತ್ತ್ ಮಕ್ಳ್ ಎಂತ ಸದ್ದ್ ಮರಾಯ್ರೆ. ಮುಂಚೆ ನೂರೈವತ್ತ್ ಇದ್ದದ್ದ್. ಆ ವರ್ಷ ವ್ಯಾನ್ ಶುರುವಾಯ್ತ್. ಊರಿನ್ ಮನಿ ಮನಿಯವ್ರೂ ಮಕ್ಳ್ ಬಿಡ್ಸಿ ವ್ಯಾನಿಗೆ ಹಾಕ್ದ್ರ್. ಇನ್ ಮುಂದೆ ಐದಾರೇ ಉಳ್ದ್ರೆ ದೈವದ್ ಸೊತ್ತ್ ಅಲ್ಲ್ ಕಿಲ್ಬ್ ಹಿಡೀತ್, ಯಾರಾರೂ ನಿಜಕ್ಕೂ ಕದೀತ್ರ್ ಅಂದೇಳಿ ಎಲ್ಲರೂ ಕೂಡಿ ಹೇಳ್ದ್ರ್. ಮತ್ತೆ ಹೂವಿಟ್ಟ್ ಕೇಂಡೆ. ಬಲ್ಗಡಿದೇ ಬಿತ್ತ್. ಬೆಳಗಾಪುದ್ರೊಳ್ಗೆ ನಾನೇ ಹೆಗ್ಲ್ ಮೇಲ್ ಹೊತ್ಕಂಡ್ ಬಂದೆ.”

“ಮಕ್ಳಿಗ್ ಹೇಳುಕ್ ಆತಿರ್ಲಿಲ್ಯಾ?”

“ಎಂತ ಹೇಳೂದ್? ನಿಮ್ಮ್ ಶಾಲಿ ಸತ್ತೋಯ್ತ್, ಅದ್ಕೆ ಗಂಟೆ ತಂದೆ ಅಂತ ಹೇಳೂದಾ?” ಚಂದಯ್ಯ ಮೀಸೆಯನ್ನು ಅಂಗೈಯಿಂದ ಒರೆಸಿಕೊಂಡರು. “ಯಾರೋ ಒಬ್ರ್ ಕಳ್ಳ ಅಂದ್ರ್. ಊರೆಲ್ಲ ಹೌದ್ ಹೌದ್ ಅಂತ್. ಕಳ್ಳನ್ ಮೇಲ್ ಹಾಕೂದ್ ಸುಲಭ ಆಯ್ತ್ ಎಲ್ಲರಿಗೂ.”

“ಸರೋಜಕ್ಕಂಗೆ?”

“ಗೊತ್ತಿತ್ತ್. ಮೇಷ್ಟ್ರಿಗೂ ಗೊತ್ತಿತ್ತ್. ನಿಮ್ಗ್ ಮಾತ್ರ ಗೊತ್ತಿರ್ಲಿಲ್ಲ.” ಚಂದಯ್ಯ ಒಮ್ಮೆ ನಗಲು ನೋಡಿದರು. “ನೀವ್ ಬಂದ್ ನೀರ್ನಾಯಿ ಬರ್ದ್ರಿ. ನಾವೆಲ್ಲ ಕಂಡ್ ಚಂದ ಆಯ್ತ್ ಅಂದ್ಯೊ.”

“ಮೋಕ್ಷಿತಾನ್ನ ಮಾತ್ರ ನೀವ್ ವ್ಯಾನಿಗೆ ಹಾಕ್ಲಿಲ್ಯಲೆ?”

ಚಂದಯ್ಯ ಗದ್ದೆಯ ಕಡೆ ತಿರುಗಿದರು. “ಮಗ ಬೈದ. ಸೊಸೆ ಅಳ್ತಿತ್ತ್. ನಾನ್ ಕೇಣ್ಲಿಲ್ಲ. ಗಂಟೆ ಹೊತ್ತ್ ತಂದವ ನಾನ್. ನನ್ನ್ ಮನಿ ಮಗು ಆದ್ರೂ ಅಲ್ಲ್ ಇರ್ಲಿ, ಅಷ್ಟಾದ್ರೂ ಸದ್ದ್ ಇರ್ಲಿ ಅಂತ. ಒಂದ್ ಮಗು ಎಷ್ಟ್ ಗಲಾಟಿ ಮಾಡೂಕ್ ಆತ್ತ್ ಹೇಳಿ. ಪಾಪ, ಒಬ್ಬಳೇ ಆಡಿ ಆಡಿ ಗ್ವಾಡಿ ಜೊತಿಗ್ ಮಾತಾಡೂಕ್ ಕಲ್ತಿತ್. ಅದೂ ನನ್ನ್ ಪಾಪವೇ.”

ಕಾಯಿ ಒಡೆದು, ಕಡಿ ಕೈಗೆ ಕೊಡುವಾಗ ಚಂದಯ್ಯ ಅದನ್ನು ಬಿಡದೆ ಹಿಡಿದುಕೊಂಡರು. “ಅವ್ಳಿಗ್ ಹೇಳ್ಬೇಡಿ ಪೇಂಟ್ರೆ. ದೈವದ್ ಎದ್ರ್ ಕೇಂತಿದೆ. ಅಜ್ಜಯ್ಯ ಅಂದ್ರೆ ಅವ್ಳಿಗೆ...”

ಪ್ರೇಮಾನಂದ ಗುಡ್ಡೆ ಇಳಿದು ಬಂದ. ಅಡುಗೆಮನೆಯ ಬಾಗಿಲಲ್ಲಿ ಸರೋಜಕ್ಕ ಅಕ್ಕಿ ಆರಿಸುತ್ತಿದ್ದರು. ಅವನ ಕೈಯ ಕಾಯಿ ಕಡಿಯನ್ನೂ ಮುಖವನ್ನೂ ನೋಡಿ ಅವರು ಮೊರ ಕೆಳಗಿಟ್ಟರು.

“ಕಂಡ್ರಿಯಾ?”

“ಕಂಡೆ.”

“ನಾವ್ ಯಾರೂ ಕೆಟ್ಟವ್ರಲ್ಲ ಪೇಂಟ್ರೆ.”

“ಅದೇ ಕಷ್ಟ ಸರೋಜಕ್ಕ. ಕೆಟ್ಟವ ಒಬ್ಬ ಇದ್ದಿದ್ರೆ ಬರೂಕ್ ಆತಿತ್ತ್.”

ನಿಜವೇ. ಕಳ್ಳನಿದ್ದರೆ ಹಿಡಿಯಬಹುದು, ಕಟ್ಟಿಹಾಕಬಹುದು, ಗಂಟೆ ಮರಳಿ ತಂದು ಕಟ್ಟಬಹುದು. ಇಲ್ಲಿ ಗಂಟೆ ತನ್ನ ಜಾಗಕ್ಕೆ ಹೋಗಿದೆ. ಕೊಟ್ಟ ಮಾತಿನಂತೆ ಹೋಗಿದೆ. ಕಳೆದುಹೋದದ್ದು ಮಕ್ಕಳ ಸದ್ದು. ಅದನ್ನು ವ್ಯಾನಿನಲ್ಲಿ ತುಂಬಿ ಕಳಿಸಿದವರು ಬೆಳಿಗ್ಗೆ ಎದ್ದು ದೇವರಿಗೆ ದೀಪ ಇಡುವವರು, ತಮ್ಮ ಮಕ್ಕಳು ಮುಂದೆ ಬರಲಿ ಎಂದು ಆಸೆಪಟ್ಟವರು. ಯಾವ ಪತ್ತೇದಾರ ಬಂದು ಯಾರ ಕೈಗೆ ಕೋಳ ಹಾಕಬೇಕು?

ಆದರೂ ಅವನು ಬರೆಯಲು ಕೂತ. ಮೋಕ್ಷಿತಾಗೆ ಮಾತು ಕೊಟ್ಟಿದ್ದನಲ್ಲ. ಪಶ್ಚಿಮದ ಗೋಡೆಯಲ್ಲಿ ಶಾಲೆಯ ಗೇಟು ಬರೆದ. ಗೇಟಿನ ಎದುರು, ದೇಶ ಸುತ್ತಿ ಬಂದ ಇಬ್ಬರು. ತಿಮ್ಮನ ಮೀಸೆ ನರೆತಿತ್ತು. ಹೆಗಲಲ್ಲಿ ಬೊಂಬಾಯಿಯಿಂದ ಬರುವವರ ಹಾಗೆ ಒಂದು ರೆಕ್ಸಿನ್ ಚೀಲ. ರಾಯರ ರೆಕ್ಕೆಯ ತುದಿ ಹರಿದು, ಕೊರಳಲ್ಲಿ ಇನ್ನೂ ಜಪಾನಿನ ಶಾಲು. ಅವರ ಪಾದದ ಕೆಳಗೆ ಮರಳು, ಐಸು, ಇಡ್ಲಿ ಹಿಟ್ಟು ಮೂರೂ ಅಂಟಿಕೊಂಡಿತ್ತು.

ಮೋಕ್ಷಿತಾ ಕುಂಚ ತೊಳೆದು ಕೊಡುತ್ತಿದ್ದಳು. “ಕಳ್ಳನ್ನ ಯಾವಾಗ ಬರೂದ್?”

“ಬತ್ತ.”

“ಎಲ್ಲಿ ಬರೂದ್? ಜಾಗವೇ ಇಲ್ಲ.”

ಅವನು ಕುಂಚವನ್ನು ಇನ್ನೊಂದು ಬಣ್ಣಕ್ಕೆ ಅದ್ದಿದ. ಸುಳ್ಳು ಕಳ್ಳನನ್ನು ಬರೆಯಲು ಕೈ ಬರಲಿಲ್ಲ, ನಿಜ ಬರೆಯಲು ಚಂದಯ್ಯನ ಮುಖ ಅಡ್ಡ ಬಂತು. ಕೊನೆಗೆ ಅವನು ಮಾಡಿದ್ದು ಒಂದೇ. ಇಬ್ಬರ ತಲೆಯನ್ನೂ ಗೇಟಿನ ಕಡೆಗೆ ಬರೆಯಲಿಲ್ಲ. ಹೊರಗೆ, ಗುಡ್ಡೆಯ ಕಾಲುದಾರಿಯ ಕಡೆಗೆ ತಿರುಗಿಸಿದ, ಏನೋ ಕೇಳಿಸಿತು ಎಂಬ ಹಾಗೆ. ದೊಡ್ಡವರು ಯಾರೂ ಅದನ್ನು ಗಮನಿಸಲಿಲ್ಲ. ವಿನಯಾ ಟೀಚರು, “ಚೆಂದ ಬಂದಿದೆ” ಎಂದರು.

ಏಪ್ರಿಲಿನಲ್ಲಿ ಶಾಲೆಯ ಕೊನೆಯ ದಿನ ಬಂತು. ಎಲ್ಲ ಬಣ್ಣ ಆಗಿ ಕಣ್ಣು ಮಾತ್ರ ಬಾಕಿ ಇತ್ತು. ವಿನಯಾ ಟೀಚರು ಒಳಗೆ ಕಪಾಟಿನ ಸಾಮಾನು ಕಟ್ಟುತ್ತಿದ್ದರು. ಸರೋಜಕ್ಕ ಹೆಸರುಬೇಳೆ ಪಾಯಸ ಮಾಡಿದ್ದರು. ಒಬ್ಬಳಿಗೆ ಎಷ್ಟು ಪಾಯಸ ಮಾಡುವುದು, ಆದರೂ ದೊಡ್ಡ ಪಾತ್ರೆಯಲ್ಲೇ ಮಾಡಿದ್ದರು. ಮೋಕ್ಷಿತಾ ಎರಡು ಲೋಟ ಕುಡಿದು ಗೋಡೆಯ ಬಳಿ ಬಂದಳು. ಪ್ರೇಮಾನಂದ ಕೈಕಾಲು ತೊಳೆದು, ಸಣ್ಣ ಕುಂಚಕ್ಕೆ ಕಪ್ಪು ಹಚ್ಚಿಕೊಂಡು ನಿಂತಿದ್ದ.

“ಎಲ್ಲ್ ಕಾಂತಿದ್ದೊ ಅವು?” ಎಂದು ಅವಳು ಕೇಳಿದಳು.

“ಯಾರ್?”

“ತಿಮ್ಮ, ರಾಯ್ರ್. ತಲಿ ಆಚಿಗ್ ತಿರ್ಗಿತ್ತಲೆ.”

ಅವನು ಉತ್ತರ ಕೊಡುವ ಮೊದಲೇ ಅವಳು ಗೋಡೆಗೆ ಬೆನ್ನು ಹಚ್ಚಿ, ನೀರುನಾಯಿಯ ಪಕ್ಕದಲ್ಲಿ ತನ್ನ ತಲೆಯನ್ನೂ ಅದೇ ಓರೆಯಲ್ಲಿ ತಿರುಗಿಸಿ ನೋಡಿದಳು. ಕಾಲುದಾರಿ. ಗೇರುಮರಗಳು. ಮೇಲೆ ಹಂಚಿನ ಮಾಡಿನ ಒಂದು ಮೂಲೆ. ಇಷ್ಟು ವರ್ಷ ಪತ್ತೇದಾರರ ಜೊತೆ ಬೆಳೆದ ಹುಡುಗಿ. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಅಲ್ಲ್ ದೈವದ್ ಮನಿ ಇತ್ತ್” ಎಂದಳು. ಆಮೇಲೆ, “ಅಲ್ಲ್ ಎರ್ಡ್ ಗಂಟೆ ಇತ್ತ್, ಒಂದ್ರ್ ಅಂಚ್ ಹೊರ್ಗಿಂದ್ ಸವ್ದಿತ್ತ್” ಎಂದಳು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ತೀರ ಸಣ್ಣ ದನಿಯಲ್ಲಿ, “ಅಜ್ಜಯ್ಯನಾ?”

ಪ್ರೇಮಾನಂದ ಕುಂಚ ಹಿಡಿದು ನಿಂತೇ ಇದ್ದ. ದೈವದ ಎದುರು ಕೇಳಿಕೊಂಡ ಮುದುಕನ ಮಾತನ್ನು ಅವನು ಬಾಯಿಂದ ಮೀರಲಿಲ್ಲ. ಕೈಯಿಂದ ಮೀರಿದ್ದ.

ಹುಡುಗಿ ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸಮಾಧಾನ ಮಾಡಲು ಒಂದು ಕೆಲಸವಾದರೂ ಸಿಗುತ್ತಿತ್ತು. ಅವಳು ಪೂರ್ವದ ಗೋಡೆಯ ಕಡೆ ಹೋಗಿ, ಆ ಖಾಲಿ ಹಗ್ಗದ ಚಿತ್ರವನ್ನು ನೋಡಿ, ಮತ್ತೆ ಬಂದಳು.

“ಪೇಂಟರಜ್ಜ, ಕಣ್ಣ್ ಬರಿಬೇಡಿ.”

“ಯಾಕ್ ಮಗಾ?”

“ಕಣ್ಣ್ ಬಂದ್ರೆ ಕಾಂತೊ. ಕಂಡ್ರೆ ಅಜ್ಜಯ್ಯನ್ನ ಹಿಡೀತೊ.”

“ಹಿಡಿಯುದಿಲ್ಲ. ತಿಮ್ಮಂಗೆ ನಿನ್ನ್ ಅಜ್ಜಯ್ಯ ಅಂದ್ರೆ...”

“ತಿಮ್ಮ ಸುಳ್ಳ್ ಹೇಳುದಿಲ್ಲ. ನೀವೇ ಹೇಳಿದ್ದಲ್ದಾ.” ಅವಳು ಅವನ ಕೈಯಿಂದ ಕುಂಚ ತೆಗೆದುಕೊಂಡು, ಸೀಮೆಎಣ್ಣೆ ಡಬ್ಬಿಯಲ್ಲಿ ಅದ್ದಿ, ಕಪ್ಪು ಪೂರಾ ಹೋಗುವವರೆಗೆ ತೊಳೆದಳು. “ನಂಗ್ ಗೊತ್ತಾಯ್ತ್ ಅಂದೇಳಿ ಅಜ್ಜಯ್ಯಂಗೆ ಹೇಳ್ಬೇಡಿ, ಹಾಂ?”

ಅವನು ತಲೆಯಾಡಿಸಿದ. ಅವಳು ಚೀಲ ಹೆಗಲಿಗೇರಿಸಿಕೊಂಡು ಗೇಟು ದಾಟಿದಳು. ತಿರುವಿನಲ್ಲಿ ಚಂದಯ್ಯ ಕಾಯುತ್ತಿದ್ದರು. ಅವರು ಚೀಲ ಕೇಳಿದರು, ಅವಳು ಕೊಟ್ಟಳು. ಅವರ ಕೈ ಹಿಡಿದುಕೊಂಡು ಹೋದಳು. ಪ್ರತಿದಿನ ಅವಳು ಆ ಕೈ ಹಿಡಿದು ಜೋತಾಡಿಕೊಂಡು, ಕುಣಿದುಕೊಂಡು ಹೋಗುತ್ತಿದ್ದಳು. ಆ ದಿನ ನೆಟ್ಟಗೆ, ದೊಡ್ಡವರ ಹಾಗೆ ನಡೆದಳು. ಅಜ್ಜನಿಗೆ ಅದು ತಿಳಿಯಿತೋ ಇಲ್ಲವೋ.

ಜೂನಿನಲ್ಲಿ ಮಳೆ ಹಿಡಿಯಿತು. ಶಾಲೆಗೆ ಬೀಗ ಬಿತ್ತು. ಸರೋಜಕ್ಕ ಗೇರುಬೀಜದ ಕಾರ್ಖಾನೆಗೆ ಹೋಗತೊಡಗಿದರು. ಹಳದಿ ವ್ಯಾನು ಈಗ ಒಂದು ಹಾರ್ನ್ ಹೆಚ್ಚಿಗೆ ಹೊಡೆಯುತ್ತದೆ, ಮೋಕ್ಷಿತಾಗಾಗಿ. ಹೊಸ ಶಾಲೆಯಲ್ಲಿ ಅವಳು ತೀರ ಕಡಿಮೆ ಮಾತಾಡುತ್ತಾಳಂತೆ. ಒಬ್ಬಳೇ ಇದ್ದು ರೂಢಿಯಾದ ಮಗು, ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಯಾವ ಮನೆಗೆ ಹೋದರೂ ಸರಿಹೋಗುತ್ತದೆ ಎಂಬ ಈ ಮಾತೇ ಕೇಳುತ್ತದೆ.

ಆಟಿ ತಿಂಗಳ, ಅಂದರೆ ಆಷಾಢದ, ಒಂದು ಬಿಡುವಿನ ದಿನ ಪ್ರೇಮಾನಂದ ಆ ದಾರಿಯಾಗಿ ಬಂದ. ಕೆಲಸ ಇರಲಿಲ್ಲ, ಮುಂದೆ ಬರುವ ಸೂಚನೆಯೂ ಇರಲಿಲ್ಲ. ಅಂಗಳದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಪಶ್ಚಿಮದ ಗೋಡೆಗೆ ಗಾಳಿಮಳೆ ನೇರ ಹೊಡೆಯುತ್ತದೆ. ರೆಕ್ಸಿನ್ ಚೀಲದ ಬಣ್ಣ ಇಳಿದಿತ್ತು. ರಾಯರ ಶಾಲಿನ ಮೇಲೆ ಪಾಚಿ ಹತ್ತಿತ್ತು. ಇಬ್ಬರೂ ಕಣ್ಣಿಲ್ಲದ ಮುಖವನ್ನು ಗುಡ್ಡೆಯ ಕಡೆ ಎತ್ತಿ ನಿಂತಿದ್ದರು.

ಕೊಡೆ ಹಿಡಿದು ಯಾರೋ ಬಂದ ಸದ್ದಾಯಿತು. ಚಂದಯ್ಯ. ಕೊಡೆಯ ಕೆಳಗೆ ಅವರು ಇನ್ನೂ ಕುಳ್ಳಾಗಿ ಕಂಡರು. ಕೈಯಲ್ಲಿ ಒಂದು ಪುಟ್ಟ ಡಬ್ಬಿ.

“ನಿಮ್ಮ್ ಟಿವಿಎಸ್ ಕಂಡೆ, ಅದ್ಕೆ ಬಂದೆ. ಆವತ್ತೇ ಕೇಂಬ ಅಂದ್ಕಂಡಿದೆ. ಇದ್ಕೆ ಕಣ್ಣೇ ಹಾಕ್ಲಿಲ್ಯಲೆ ಪೇಂಟ್ರೆ?”

“ಬಣ್ಣ ಮುಗ್ದಿತ್ತ್.”

“ನಾ ತಂದಿದೆ ಕಾಣಿ. ಕಪ್ಪ್. ಮಳಿ ನಿಂತ್ ಮೇಲಾರೂ ಬರ್ದ್ ಬಿಡಿ.” ಅವರು ಡಬ್ಬಿಯನ್ನು ಅವನ ಕೈಗೆ ಒತ್ತಿದರು. “ಹೆಣ್ಣ್ ಈಚೆಗೆ ನನ್ನ್ ಹತ್ರ ಕಥಿಯೇ ಹೇಳುದಿಲ್ಲ. ಕೇಂಡ್ರೆ ಕಥಿ ಮುಗೀತ್ ಅಂತ್. ನೀವ್ ಕಣ್ಣ್ ಬರ್ದ್ರೆ ಒಂದ್ಸಲ ಕರ್ಕಂಡ್ ಬಂದ್ ತೋರಿಸ್ತೆ. ಖುಷಿ ಆತ್ತ್ ಅವ್ಳಿಗೆ.”

ಪ್ರೇಮಾನಂದ ಡಬ್ಬಿಯನ್ನು ಹಿಡಿದುಕೊಂಡೇ ಇದ್ದ. ಅವನಿಗೆ ಇಬ್ಬರ ಮಾತೂ ಹೊರಲು ಭಾರವಾಗಿತ್ತು. ಇಳಿಸಲು ಜಾಗವಿರಲಿಲ್ಲ.

“ಕಾಂಬ ಚಂದಯ್ಯ” ಎಂದ.

“ಕಾಂಬ ಅಂದ್ರೆ ಬರೂದಿಲ್ಲ ಅಂತ್ಲಾ?”

ಅವನು ಗೋಡೆಯ ನೀರನ್ನು ಅಂಗೈಯಿಂದ ಒರೆಸಿದ. ಚಂದಯ್ಯ ಇನ್ನಷ್ಟು ಹೊತ್ತು ನಿಂತು, ದೀಪದ ಹೊತ್ತಾಯಿತೆಂದು ಕಾಲುದಾರಿ ಹತ್ತಿದರು. ಕೊಡೆ ಗೇರುಮರಗಳ ನಡುವೆ ಕಾಣದಾಯಿತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಗಂಟೆ ಕೇಳಿಸಿತು. ಮೊದಲು ಎಡಗಡೆಯದ್ದು, ಆಮೇಲೆ ಬಲಗಡೆಯದ್ದು. ಮಳೆಯಲ್ಲೂ ಅದು ಹೊಳೆಯಾಚೆಯ ಗದ್ದೆಯವರೆಗೆ ಹೋಗುವಂತಿತ್ತು.

ಪ್ರೇಮಾನಂದ ಅಭ್ಯಾಸದಿಂದ ಕೈಮುಗಿದ. ಡಬ್ಬಿಯನ್ನು ಮುಚ್ಚಳ ತೆಗೆಯದೆ ಗೋಡೆಯ ಬುಡದಲ್ಲಿ, ತಿಮ್ಮನ ಚೀಲದ ಕೆಳಗೆ ಇಟ್ಟು, ಟಿವಿಎಸ್ ತಳ್ಳಿಕೊಂಡು ರಸ್ತೆಗೆ ಬಂದ.